ಓದುಗರ ಪ್ರಶ್ನೆ: ಪತ್ರ ಬಂತು, ಸೀಟು ಸಿಕ್ಕಿತೇ?

ಕಾಲೇಜು ಪ್ರವೇಶಕ್ಕೆ ಕಾಯುತ್ತಿರುವ ಮಕ್ಕಳು, ಅವರ ತಂದೆತಾಯಿಗಳು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಿಂದ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಮಗಳ ಪಿಯುಸಿ ಪರೀಕ್ಷೆ ಮುಗದದ, ರಿಸಲ್ಟ್ ಇನ್ನೂ ಬಂದಿಲ್ಲ. ಆಗಲೇ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಸೈನ್ಸ್‌ಗೆ ಅಡ್ಮಿಷನ್ ಲೆಟರ್ ಬಂದದ. ಹತ್ತು ದಿನದಾಗ 50,000 ರೂಪಾಯಿ ಕಟ್ಟದಿದ್ದರ ಸೀಟು ಬ್ಯಾರೆಯವರಿಗೆ ಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಾರ. ಕಟ್ಟಿ ಬಿಡಬೇಕೋ, ಸಿಇಟಿ ರ‍್ಯಾಂಕ್ ಬರೂತನಕ ಕಾಯಬೇಕೋ?
– ಒಬ್ಬ ತಂದೆ, ಗೋಕುಲ ರಸ್ತೆ, ಹುಬ್ಬಳ್ಳಿ

ನಿಮ್ಮ ಕೈಗೆ ಬಂದಿರುವುದು ಆಫರ್ ಲೆಟರ್, ಸೀಟಲ್ಲ. ಪಿಯು ಅಂಕಪಟ್ಟಿಯೇ ಇಲ್ಲದೆ ಯಾರೂ ಎಂಜಿನಿಯರಿಂಗ್ ಪ್ರವೇಶವನ್ನು ಅಂತಿಮ ಮಾಡಲಾರರು. ಭೌತಶಾಸ್ತ್ರ, ಗಣಿತ ಮತ್ತು ಮೂರನೆಯ ವಿಷಯ ಸೇರಿ ಶೇ. 45 (ಮೀಸಲು ವರ್ಗಕ್ಕೆ ಶೇ. 40) ಬಂದ ಮೇಲೆಯೇ ಅರ್ಹತೆಯ ಮಾತು. ಪತ್ರದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ‘ಪ್ರಾವಿಷನಲ್’ (ತಾತ್ಕಾಲಿಕ) ಎಂದಿರುತ್ತದೆ, ಹುಡುಕಿ.

ಹಣ ಕಟ್ಟುವ ಮೊದಲು ಎರಡು ಸಂಗತಿಗಳನ್ನು ಇ-ಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಒಂದು, ಅವರು ಅಧಿಕೃತವಾಗಿ ಪ್ರಕಟಿಸಿರುವ ಪ್ರವೇಶದ ಕೊನೆಯ ದಿನಾಂಕ ಯಾವುದು. ಎರಡು, ಈ 50,000 ಯಾವ ಬಾಬತ್ತಿಗೆ ಜಮಾ ಆಗುತ್ತದೆ: ಬೋಧನಾ ಶುಲ್ಕಕ್ಕೋ, ‘ನೋಂದಣಿ’ ಎಂಬ ಬೇರೆ ತಲೆಬರಹಕ್ಕೋ. ಮರುಪಾವತಿಯ ಜಗಳಗಳು ಹುಟ್ಟುವುದೇ ಈ ಎರಡನೆಯದರಲ್ಲಿ. ರಸೀದಿಯಲ್ಲಿ ‘ಹಿಂದಿರುಗಿಸಲಾಗದ ನೋಂದಣಿ ಶುಲ್ಕ’ ಎಂದು ಬರೆದುಕೊಟ್ಟು, ಆಮೇಲೆ ಅದು ಶುಲ್ಕವೇ ಅಲ್ಲ ಎಂದು ವಾದಿಸುತ್ತಾರೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆ ಹೀಗಿದೆ. ಪ್ರಕಟಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬೇಡವೆಂದು ಬರೆದುಕೊಟ್ಟರೆ ಶುಲ್ಕ ಪೂರ್ತಿ ವಾಪಸು. ಸಂಸ್ಕರಣೆಯ ಖರ್ಚೆಂದು ಶೇ. 5ರವರೆಗೆ, ಅದೂ 5,000 ರೂಪಾಯಿ ಮೀರದಂತೆ ಹಿಡಿಯಬಹುದು. ನಿಮ್ಮ 50,000ಕ್ಕೆ ಅದು 2,500 ಆಗುತ್ತದೆ. ಕೊನೆಯ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ದಿನಾಂಕ ಕಳೆದು 15 ದಿನದೊಳಗಾದರೆ ಶೇ. 80, 16ರಿಂದ 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಲಿಖಿತ ಅರ್ಜಿ ತಲುಪಿದ 15 ದಿನದಲ್ಲಿ ಹಣ ಕೊಡಬೇಕು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರ ಗಡುವು ಕೊಟ್ಟಿದೆ. 2024-25ನೇ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸು, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮಾತ್ರ ಕಡಿತ ಎಂದಿತ್ತು. ನಿಮ್ಮ ವರ್ಷದ ಸುತ್ತೋಲೆಯನ್ನು ಯುಜಿಸಿ ಜಾಲತಾಣದಲ್ಲಿ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ. ಹಣ ಕೊಡದೆ ಸತಾಯಿಸಿದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆಗ ಈ ಇ-ಮೇಲ್, ರಸೀದಿಗಳೇ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಮೂಲ ಅಂಕಪಟ್ಟಿ, ಟಿ.ಸಿ. ಅವರ ಬಳಿ ಬಿಟ್ಟು ಬರಬೇಡಿ. ನೋಡಿ ವಾಪಸು ಕೊಡಬೇಕೆಂಬುದು ಅದೇ ಅಧಿಸೂಚನೆಯ ಮಾತು. ಸಿಇಟಿ ಸೀಟು ಸಿಕ್ಕ ದಿನ ಮೂಲ ದಾಖಲೆ ಬೇರೆ ಊರಿನ ಕಪಾಟಿನಲ್ಲಿದ್ದರೆ ಯಾರ ಮುಂದೆ ಕೈ ಮುಗಿಯುತ್ತೀರಿ? ನಾಲ್ಕೂ ವರ್ಷದ ಶುಲ್ಕ ಮುಂಗಡ ಕೇಳುವಂತೆಯೂ ಇಲ್ಲ. ಏಜೆಂಟರ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ವಿಶ್ವವಿದ್ಯಾಲಯದ ಹೆಸರಿನ ಖಾತೆಗೆ ಮಾತ್ರ.

‘ಈ ವಾರ ಕಟ್ಟಿದರೆ ಶೇ. 25 ಸ್ಕಾಲರ್‌ಶಿಪ್’ ಎಂದರೆ, ಅದು ನಾಲ್ಕೂ ವರ್ಷಕ್ಕೋ, ಎರಡನೆಯ ವರ್ಷ ಮುಂದುವರಿಯಲು ಎಷ್ಟು ಸಿಜಿಪಿಎ (ಸರಾಸರಿ ಗ್ರೇಡ್ ಅಂಕ) ಬೇಕೋ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಅಕ್ಟೋಬರ್‌ವರೆಗೆ ಸಿಕ್ಕಿಹಾಕಿಕೊಂಡರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣವಿದ್ದು, ಆ ಕಾಲೇಜು ನಿಜವಾಗಿಯೂ ನಿಮ್ಮ ಮೂರನೆಯ ಆಯ್ಕೆಯೊಳಗೆ ಇದ್ದರೆ ಕಟ್ಟಿ. ಹೆದರಿಕೆಯಿಂದ ಕಟ್ಟುವುದಾದರೆ ಬೇಡ. ಏಪ್ರಿಲ್‌ನಲ್ಲಿ ‘ಕೊನೆಯ ಸೀಟು’ ಇದ್ದ ಎಷ್ಟೋ ಕಡೆ ಆಗಸ್ಟ್‌ನಲ್ಲೂ ಸೀಟು ಇರುತ್ತದೆ.

ಸಿಇಟಿ ಅಣಕು ಹಂಚಿಕೆಯಲ್ಲಿ (ನಿಜದ ಸುತ್ತಿಗೆ ಮೊದಲಿನ ಪ್ರಾಯೋಗಿಕ ಸೀಟು ಹಂಚಿಕೆ) ಹುಬ್ಬಳ್ಳಿಯ ಒಂದು ಕಾಲೇಜು ಸಿಕ್ಕಿತ್ತು. ಅದೇ ಖಾತ್ರಿ ಆಗಲೆಂದು ಮೊದಲನೆಯ ಆಪ್ಷನ್ ಆಗಿ ಅದನ್ನೇ ಹಾಕಲೇ? ದೊಡ್ಡ ಕಾಲೇಜುಗಳನ್ನು ಮೇಲೆ ಹಾಕಿದರೆ ಇದೂ ಕೈ ಬಿಟ್ಟು ಹೋಗುತ್ತದೆಂದು ಗೆಳೆಯರು ಹೆದರಿಸುತ್ತಾರೆ.
– ವಿದ್ಯಾರ್ಥಿನಿ, ಗದಗ

ಗೆಳೆಯರ ಮಾತು ಬಿಡು ತಂಗಿ. ಹಂಚಿಕೆ ನಡೆಯುವುದು ರ‍್ಯಾಂಕ್ ಪ್ರಕಾರ. ನಿನ್ನ ಸರದಿ ಬಂದಾಗ ಕಂಪ್ಯೂಟರ್ ನಿನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತದೆ. ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಮೇಲೆ ಹತ್ತು ದೊಡ್ಡ ಕಾಲೇಜು ಇದ್ದು ಅವು ಸಿಗದಿದ್ದರೆ ಹನ್ನೊಂದನೆಯದಕ್ಕೆ ಬರುತ್ತದೆ, ಅಷ್ಟೇ. ‘ಅವಳು ಇದನ್ನು ಕೆಳಗೆ ಹಾಕಿದ್ದಾಳೆ’ ಎಂದು ಸೀಟು ತಪ್ಪುವುದಿಲ್ಲ. ಸುರಕ್ಷಿತವೆಂದು ಅದನ್ನೇ ಮೊದಲು ಹಾಕಿದರೆ ಮಾತ್ರ ಕೆಟ್ಟೆ: ಮೇಲಿನದು ಸಿಗುವಂತಿದ್ದರೂ ಅತ್ತ ಯಾರೂ ನೋಡುವುದಿಲ್ಲ.

ಅಣಕು ಹಂಚಿಕೆಯಲ್ಲಿ ಸಿಕ್ಕಿದ್ದು ನಿಜದ ಸುತ್ತಿನಲ್ಲಿ ಸಿಗಲೇಬೇಕೆಂದೂ ಇಲ್ಲ. ಫಲ ನೋಡಿದ ಮೇಲೆ ಎಲ್ಲರೂ ಪಟ್ಟಿ ತಿದ್ದುತ್ತಾರೆ, ನಿನಗಿಂತ ಮೇಲಿನ ರ‍್ಯಾಂಕಿನವರು ಆ ಕಾಲೇಜಿಗೆ ಇಳಿಯಬಹುದು. ಆದ್ದರಿಂದ ಅದರ ಕೆಳಗೂ ಸಾಕಷ್ಟು ಆಪ್ಷನ್ ಇರಲಿ.

ಕಳೆದ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಇದೆ, ಆದರೆ ಸರಿಯಾದ ಕಾಲಂ ನೋಡಬೇಕು. ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಅದರಲ್ಲಿ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ. ಹಾಗೆಯೇ 3ಬಿ ವರ್ಗಕ್ಕೆ 3ಬಿಜಿ, 3ಬಿಆರ್, 3ಬಿಕೆ. 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿ ಗ್ರಾಮೀಣ ಮೀಸಲಾತಿ ಪಡೆದವರು ಬರೀ ಜಿಎಂ ಕಾಲಂ ನೋಡಿ ಎದೆಗುಂದುವುದುಂಟು. ಇನ್ನೊಂದು, ನಿಮ್ಮ ಕಡೆ ಪದೇ ಪದೇ ಆಗುವ ಎಡವಟ್ಟು: 371(ಜೆ) ಪಟ್ಟಿ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ ಮೀಸಲಾತಿ. ಪಕ್ಕದ ಕೊಪ್ಪಳ ಅದರಲ್ಲಿದೆ, ಗದಗ ಇಲ್ಲ. ಕಲ್ಯಾಣ ಕರ್ನಾಟಕದ ಕಟಾಫ್ ಹಿಡಿದು ಲೆಕ್ಕ ಹಾಕಿದ್ದರೆ ಮತ್ತೊಮ್ಮೆ ಹಾಕು.

ಮೊದಲ ಸುತ್ತಿನ ನಂತರ ನಾಲ್ಕು ಚಾಯ್ಸ್ ಬರುತ್ತವೆ. ಮೊದಲನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಪ್ರಯತ್ನಿಸುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಈ ಪ್ರಕ್ರಿಯೆಯಿಂದಲೇ ಹೊರಕ್ಕೆ. ಅನುಮಾನದಲ್ಲಿರುವವರಿಗೆ ಹೊಂದುವುದು ಎರಡನೆಯದು. ಆದರೆ ಮೇಲಿನದು ಸಿಕ್ಕಿತೆಂದರೆ ಹಳೆಯ ಸೀಟು ತಾನಾಗಿ ರದ್ದು, ವಾಪಸು ಕೇಳುವಂತಿಲ್ಲ. ಹಾಗಾಗಿ ಸಿಕ್ಕರೂ ಹೋಗಲಾರೆ ಅನ್ನಿಸುವ ಆಪ್ಷನ್‌ಗಳನ್ನು ಎರಡನೆಯ ಸುತ್ತಿಗೆ ಮೊದಲು ಅಳಿಸು. ಕೇಳಿದ ವೇಳೆಯೊಳಗೆ ಚಾಯ್ಸ್ ಒತ್ತದಿದ್ದರೆ, ಕಟ್ಟಬೇಕಾದ ಹಣ ಕಟ್ಟದಿದ್ದರೆ ಸೀಟು ಹೋಗುತ್ತದೆ. ಯಾವ ಚಾಯ್ಸ್‌ಗೆ ಎಷ್ಟು ಹಣ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡು, ಅಣ್ಣನ ಕಾಲದ ನಿಯಮ ನಂಬಬೇಡ.

ಮತ್ತೆ, ಪಾಸ್‌ವರ್ಡ್ ಸೈಬರ್ ಸೆಂಟರಿನವರ ಪುಸ್ತಕದಲ್ಲಿ ಬರೆಸಬೇಡ.

ಮಗ ಅಮೆರಿಕದ ಒಂದು ಕಾಲೇಜಿಗೆ ‘ಅರ್ಲಿ ಡಿಸಿಷನ್’ ಅಂತ ಹಾಕ್ಯಾನ. ಡಿಸೆಂಬರ್ ಮಧ್ಯಕ್ಕೆ ಫಲಿತಾಂಶ. ನಾವೂ ಸಹಿ ಮಾಡೇವಿ. ಸೀಟು ಸಿಕ್ಕು, ಅವರು ಕೊಡೋ ಹಣದ ನೆರವು ಸಾಲದಿದ್ರ ಏನ್ ಮಾಡೋದ್ರಿ? ಅವಂಗ ರಾತ್ರಿ ನಿದ್ದಿ ಇಲ್ಲ.
– ಒಬ್ಬ ತಾಯಿ, ಧಾರವಾಡ

ಅರ್ಲಿ ಡಿಸಿಷನ್ ಎಂದರೆ ಸಿಕ್ಕರೆ ಬರುತ್ತೇನೆಂಬ ವಾಗ್ದಾನ. ವಿದ್ಯಾರ್ಥಿ, ಪಾಲಕರು, ಕಾಲೇಜಿನ ಕೌನ್ಸೆಲರ್ (ನಮ್ಮಲ್ಲಿ ಬಹುತೇಕ ಪ್ರಾಂಶುಪಾಲರೇ) ಮೂವರೂ ಸಹಿ ಹಾಕುತ್ತಾರೆ. ಸಿಕ್ಕರೆ ಉಳಿದ ಎಲ್ಲ ಅರ್ಜಿಗಳನ್ನು ಹಿಂದೆಗೆಯಬೇಕು. ನೆರವು ಕೇಳಿ ಅರ್ಜಿ ಹಾಕಿದ್ದು, ಕೊಟ್ಟ ಮೊತ್ತದಲ್ಲಿ ನಿಮ್ಮಿಂದ ಆಗುವುದೇ ಇಲ್ಲವಾದರೆ ಬಿಡುಗಡೆ ಕೇಳಲು ದಾರಿ ಇದೆ. ಮೊದಲು ನೆರವಿನ ಕಚೇರಿಗೆ ಆದಾಯದ ದಾಖಲೆ ಸಮೇತ ಬರೆದು ಮರುಪರಿಶೀಲನೆ ಕೇಳಿ. ಆಗಲೂ ಸಾಲದಿದ್ದರೆ ಬಿಡುಗಡೆ. ಮಾತು ಮುಗಿಯುವವರೆಗೆ ಬೇರೆ ಅರ್ಜಿ ಹಿಂದೆಗೆಯಬೇಡಿ. ‘ಅರ್ಲಿ ಆಕ್ಷನ್’ ಎಂಬುದು ಬೇರೆ, ಅದರಲ್ಲಿ ಈ ಕಟ್ಟುಪಾಡಿಲ್ಲ. ಮೇ 1ರವರೆಗೆ ಯೋಚಿಸಬಹುದು. ಹಣದ ನೆರವೇ ಮುಖ್ಯವಾದ ಮನೆಗಳು ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು, ಏಕೆಂದರೆ ನಾಲ್ಕು ಕಾಲೇಜಿನ ನೆರವು ಹೋಲಿಸುವ ಅವಕಾಶವೇ ಅಲ್ಲಿ ಇರುವುದಿಲ್ಲ.

ಫಲಿತಾಂಶ ಮೂರು ಬಗೆ: ಸಿಕ್ಕಿತು, ಇಲ್ಲ, ‘ಡಿಫರ್’. ಡಿಫರ್ ಎಂದರೆ ಅರ್ಜಿ ಮಾರ್ಚ್‌ನ ಸಾಮಾನ್ಯ ಸುತ್ತಿಗೆ ಹೋಯಿತು, ನಿಮ್ಮ ವಾಗ್ದಾನ ಬಿದ್ದುಹೋಯಿತು. ಆಗ ಜನವರಿಯಲ್ಲಿ ಒಂದು ಪುಟದ ಪತ್ರ ಬರೆಯಲಿ. ನವೆಂಬರ್ ನಂತರದ ಹೊಸ ಅಂಕ, ಹೊಸ ಕೆಲಸ ಮಾತ್ರ ಅದರಲ್ಲಿರಲಿ; ಹಳೆಯ ಪ್ರಬಂಧದ ಪುನರುಕ್ತಿ ಬೇಡ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಪ್ರಾಂಶುಪಾಲರು ‘ಮಿಡ್-ಇಯರ್ ರಿಪೋರ್ಟ್’ ಆಗಿ ಕಳಿಸಬೇಕು. ನಮ್ಮ ಪಿಯು ಕಾಲೇಜುಗಳಿಗೆ ಇದು ರೂಢಿ ಇಲ್ಲ, ನೀವೇ ನೆನಪಿಸಬೇಕು.

ಉಳಿದ ಕಾಲೇಜುಗಳ ಅರ್ಜಿ ಈಗಲೇ ಸಿದ್ಧವಾಗಿರಲಿ. ಅನೇಕ ಕಡೆ ಗಡುವು ಜನವರಿ 1ರ ಆಸುಪಾಸು. ಡಿಸೆಂಬರ್ ಮಧ್ಯದಲ್ಲಿ ‘ಇಲ್ಲ’ ಬಂದ ಮೇಲೆ ಎರಡು ವಾರದಲ್ಲಿ ಒಳ್ಳೆಯ ಪ್ರಬಂಧ ಬರೆಯುವುದು ಮುರಿದ ಮನಸ್ಸಿಗೆ ಆಗದ ಕೆಲಸ. ನಿದ್ದೆಯ ವಿಷಯ: ಅಮೆರಿಕದ ಪೂರ್ವ ಕರಾವಳಿಯ ಸಂಜೆ 7 ಎಂದರೆ ಡಿಸೆಂಬರ್‌ನಲ್ಲಿ ನಮಗೆ ಮರುದಿನ ಬೆಳಗಿನ 5.30, ಮಾರ್ಚ್ ಕೊನೆಗೆ 4.30. ರಾತ್ರಿ ಹನ್ನೆರಡರಿಂದ ಫೋನ್ ಹಿಡಿದು ಕೂತರೂ ಏನೂ ಬರುವುದಿಲ್ಲ.

ಮಗ ದಿನಕ್ಕೆ ಐವತ್ತು ಸಲ ಕೆಇಎ ಸೈಟ್ ತೆಗೀತಾನ. ಊಟಕ್ಕ ಕರದ್ರ ಸಿಟ್ಟು. ಏನು ಹೇಳೋದು?
– ಒಬ್ಬ ತಾಯಿ, ರಾಣೆಬೆನ್ನೂರು

ಹೇಳುವುದಕ್ಕಿಂತ ಮಾಡುವುದು ಮೇಲು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀವೇ ಸೈಟ್ ನೋಡಿ ಹೇಳುತ್ತೇನೆಂದು ಒಪ್ಪಿಸಿ. ಪ್ರಕಟಿತ ದಿನಾಂಕ ಮುಂದೆ ಹೋಗುವುದು ಮಾಮೂಲು. ಫಲಿತಾಂಶ ಬಿಟ್ಟ ಮೊದಲ ಗಂಟೆಯಲ್ಲಿ ಸರ್ವರ್ ನಿಧಾನ. ನೆಂಟರು ‘ಏನಾತು?’ ಎಂದು ಕೇಳಿದರೆ ಉತ್ತರ ನೀವು ಕೊಡಿ, ಅವನ ಕೈಗೆ ಫೋನ್ ಕೊಡಬೇಡಿ. ಎರಡು ವಾರ ನಿದ್ದೆ ಊಟ ಸರಿಯಾಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಬದುಕೇ ಬೇಡ ಎಂಬ ಮಾತು ಒಮ್ಮೆ ಬಂದರೂ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ದಿನ ಅವನನ್ನು ಒಬ್ಬನೇ ಬಿಡಬೇಡಿ.

ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ತೊಂದರೆ ಆಗುತ್ತದೆಯೇ?
– ವಿದ್ಯಾರ್ಥಿ, ಬ್ಯಾಡಗಿ

ಆಗಬಹುದು. ಪ್ರಮಾಣಪತ್ರವನ್ನು ಅದರ ಮೇಲಿರುವ ಆರ್.ಡಿ. ಸಂಖ್ಯೆಯಿಂದ ಆನ್‌ಲೈನ್‌ನಲ್ಲೇ ತಾಳೆ ನೋಡುತ್ತಾರೆ, ಹೆಸರು ಕೂಡದಿದ್ದರೆ ಮೀಸಲಾತಿ ತಪ್ಪಿ ಸಾಮಾನ್ಯ ವರ್ಗಕ್ಕೆ ಬೀಳುವ ಅಪಾಯವಿದೆ. ಅಂಕಪಟ್ಟಿ ತಿದ್ದಿಸುವುದು ದೀರ್ಘ ಕೆಲಸ. ನಾಡಕಚೇರಿಯಲ್ಲಿ ಅಂಕಪಟ್ಟಿಯ ಹೆಸರಿನಂತೆಯೇ ಹೊಸ ಪ್ರಮಾಣಪತ್ರ ಮಾಡಿಸು. 2ಎ, 2ಬಿ, 3ಎ, 3ಬಿ ಆದರೆ ನಮೂನೆ ಎಫ್, ಪ್ರವರ್ಗ 1ಕ್ಕೆ ನಮೂನೆ ಇ, ಪರಿಶಿಷ್ಟರಿಗೆ ಡಿ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಬೇಸಿಗೆ ರಜೆ ಬಿದ್ದರೆ ಶಾಲೆಗೆ ಬೀಗ, ಮುಖ್ಯೋಪಾಧ್ಯಾಯರು ಊರಲ್ಲಿರುವುದಿಲ್ಲ, ಮಾರ್ಚ್‌ನಲ್ಲೇ ಮುಗಿಸಿಕೋ.