ಅಕೇಡಿಯನ್ ವಂಶಾವಳಿ ಹುಡುಕಲು ಯಾವ ಡಿಎನ್‌ಎ ಕಿಟ್ ಒಳ್ಳೆಯದು?

ಕಿಟ್ ಈಗಲೇ ಕೊಳ್ಳಬೇಡಿ. ಅಕೇಡಿಯನ್ನರೆಂದರೆ ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನಿಂದ ಈಗಿನ ಕೆನಡಾದ ಪೂರ್ವ ಕರಾವಳಿಯ ಅಕೇಡಿಯಕ್ಕೆ ಬಂದು ನೆಲೆಸಿದವರ ವಂಶದವರು. ನಿಮ್ಮ ಗಂಡ ಲೂಯಿಸಿಯಾನದ ಲ್ಯಾಂಡ್ರಿ ಮನೆತನದವರು, ಫ್ರಾನ್ಸಿನಲ್ಲಿ ಅವರ ಮೂಲ ಊರು ಯಾವುದೆಂದು ತಿಳಿಯಬೇಕು ಅಂದಿದ್ದೀರಿ. ನನ್ನ ಮಾವನವರೂ ಲ್ಯಾಂಡ್ರಿಯೇ, ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಮೆಮ್ರಾಮ್‌ಕುಕ್ ಕಡೆಯವರು. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಹೊರಟವಳು. ಎಂಟು ತಿಂಗಳು ಕೂತು ವಂಶವೃಕ್ಷ ಬರೆದು, ಅಚ್ಚು ಹಾಕಿಸಿ, ನೆಂಟರಿಗೆಲ್ಲ ಹಂಚಿದೆ. ಮೇಲಿನ ಮೂರು ತಲೆಮಾರು ಪೂರ್ತಿ ತಪ್ಪಾಗಿತ್ತು.

ತಪ್ಪು ಎಲ್ಲಾಯಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ನಿಮ್ಮದೂ ಲ್ಯಾಂಡ್ರಿ ಮನೆತನವೇ ಆದ್ದರಿಂದ ನೀವೂ ಅಲ್ಲೇ ಎಡವುವ ಸಾಧ್ಯತೆ ಹೆಚ್ಚು.

ಈಗಿನ ನೋವಾ ಸ್ಕೋಷಿಯಾದಲ್ಲಿದ್ದ ಪೋರ್ಟ್ ರಾಯಲ್‌ನಲ್ಲಿ, ಮೊದಲ ತಲೆಮಾರಿನಲ್ಲೇ ರೆನೆ ಲ್ಯಾಂಡ್ರಿ ಎಂಬ ಹೆಸರಿನವರು ಇಬ್ಬರಿದ್ದರು. ಹಿರಿಯ ರೆನೆಯ ಹೆಂಡತಿ ಪೆರಿನ್ ಬೂರ್ಗ್. ಕಿರಿಯ ರೆನೆಯ ಹೆಂಡತಿ ಮರೀ ಬೆರ್ನಾರ್. ಪೋರ್ಟ್ ರಾಯಲ್ ಚರ್ಚಿನ ರಿಜಿಸ್ಟರ್ ಉಳಿದಿರುವುದು 1702ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದೆ ಹುಟ್ಟಿದ ಮಗ ಯಾವ ರೆನೆಯವನು ಎಂದು ನೇರವಾಗಿ ಹೇಳುವ ಜನ್ಮದಾಖಲೆ ಸಿಗುವುದಿಲ್ಲ. ಇಂಟರ್ನೆಟ್‌ನಲ್ಲಿ ಯಾರೋ ಹಾಕಿದ್ದ ವಂಶವೃಕ್ಷದಲ್ಲಿ ನಮ್ಮ ಪೂರ್ವಜನೊಬ್ಬನ ಹೆಸರಿನ ಮುಂದೆ ‘ರೆನೆ ಲ್ಯಾಂಡ್ರಿಯ ಮಗ’ ಎಂದಿತ್ತು. ನನಗೆ ಮೊದಲು ಕಂಡದ್ದು ಹಿರಿಯ ರೆನೆ, ಅವನಿಗೇ ಜೋಡಿಸಿಬಿಟ್ಟೆ.

ಅದನ್ನು ತಿದ್ದಿಕೊಳ್ಳುವ ಸಾಕ್ಷಿ ಆಗಲೇ ನನ್ನ ಕೈಯಲ್ಲಿತ್ತು, ಅದೇ ನನಗೆ ಇವತ್ತಿಗೂ ಸಂಕಟ. ನಮ್ಮ ಮನೆಯ ಕವಲಿನ ಒಬ್ಬ ಲ್ಯಾಂಡ್ರಿ ಹುಡುಗಿ ಬೆಲಿವೋ ಮನೆಯ ಹುಡುಗನನ್ನು ಮದುವೆಯಾದ ದಾಖಲೆ ಅದು. ವರನ ಹೆಸರು, ಅಪ್ಪ ಅಮ್ಮ, ವಧುವಿನ ಹೆಸರು, ಅಪ್ಪ ಅಮ್ಮ, ಸಾಕ್ಷಿಗಳು, ಎಲ್ಲ ಬರೆದುಕೊಂಡೆ. ನಡುವೆ ಅರ್ಧ ಸಾಲು ಫ್ರೆಂಚ್ ಇತ್ತು: ಮೂರನೇ ಮೆಟ್ಟಿಲಿನ ರಕ್ತಸಂಬಂಧಕ್ಕೆ ವಿನಾಯಿತಿ ಕೊಡಲಾಗಿದೆ ಎಂದು. ನಾನು ಅದನ್ನು ಬಿಟ್ಟು ಮುಂದೆ ಹೋದೆ. ಸೋದರಮಾವನ ಮಗಳನ್ನೇ ಕೇಳಿ ತರುವ ಊರಿಂದ ಬಂದವಳಿಗೆ ಮದುವೆಯಲ್ಲಿ ನೆಂಟಸ್ತಿಕೆ ಇದೆ ಅನ್ನುವುದು ವಿಶೇಷವಾಗಿ ಕಾಣಲೇ ಇಲ್ಲ.

ಕ್ಯಾಥೊಲಿಕ್ ಚರ್ಚಿನಲ್ಲಿ ಆಗ ನಾಲ್ಕನೇ ಮೆಟ್ಟಿಲಿನವರೆಗೂ ರಕ್ತಸಂಬಂಧಿಗಳ ಮದುವೆಗೆ ತಡೆ ಇತ್ತು. ಅನುಮತಿ ಬೇಕಾದರೆ ಪಾದ್ರಿ ಮೇಲಿನವರನ್ನು ಕೇಳಬೇಕು, ಕೇಳುವ ಮೊದಲು ಎರಡೂ ಮನೆಯ ಹಿರಿಯರನ್ನು ಕೂರಿಸಿ ತಲೆಮಾರು ಎಣಿಸಬೇಕು. ಎಣಿಕೆ ಹೀಗೆ: ಒಬ್ಬ ತಾಯಿಯ ಮಕ್ಕಳು ಒಂದನೇ ಮೆಟ್ಟಿಲು, ಅವರ ಮಕ್ಕಳು ಎರಡು, ಮೊಮ್ಮಕ್ಕಳು ಮೂರು, ಮರಿಮಕ್ಕಳು ನಾಲ್ಕು. ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು ಆದರೆ ‘ಮೂರರಿಂದ ನಾಲ್ಕು’ ಎಂದು ಬರೆಯುತ್ತಾರೆ. ಇಂದಿನ ಕಾನೂನಿನ ಎಣಿಕೆ ಬೇರೆ, ಅದನ್ನು ಇಲ್ಲಿಗೆ ತರಬೇಡಿ. ಸಂಬಂಧ ರಕ್ತದ್ದೋ ಅಥವಾ ಸತ್ತ ಗಂಡ ಹೆಂಡಿರ ಕಡೆಯಿಂದ ಬಂದದ್ದೋ ಎಂಬುದನ್ನೂ ನೋಡಿ. ‘ಅಫಿನಿತೆ’ ಎಂದಿದ್ದರೆ ಅದು ರಕ್ತದ್ದಲ್ಲ.

ಈಗ ನನ್ನ ವಂಶವೃಕ್ಷಕ್ಕೆ ಬನ್ನಿ. ಹಿರಿಯ ರೆನೆಯ ಮೂಲಕ ಹೋದರೆ ಆ ವಧೂವರರಿಗೆ ಮೂರನೇ ಮೆಟ್ಟಿಲಿನ ನಂಟು ಇಲ್ಲವೇ ಇಲ್ಲ. ಬೂರ್ಗ್ ಮನೆಯ ಕಡೆಯಿಂದ ಮೂರರಿಂದ ನಾಲ್ಕರ ನಂಟೊಂದು ಸಿಕ್ಕಿತು. ಪಾದ್ರಿ ಅಂದಾಜಿನಲ್ಲಿ ಬರೆದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಪಾದ್ರಿ ಬರೆದದ್ದು ಸರಿಯಾಗಿಯೇ ಇತ್ತು. ಕಿರಿಯ ರೆನೆಯ ಹೆಂಡತಿ ಮರೀ ಬೆರ್ನಾರ್‌ಳ ತಾಯಿ ಆಂದ್ರೇ ಗುಯೋಂ. ಬೆರ್ನಾರ್ ತೀರಿಕೊಂಡ ಮೇಲೆ ಆಕೆ ಆಂತ್ವಾನ್ ಬೆಲಿವೋನನ್ನು ಮದುವೆಯಾದಳು, ಅವರ ಮಗ ಜಾಂ ಬೆಲಿವೋ. ಅಂದರೆ ಮರೀ ಮತ್ತು ಜಾಂ ಒಂದೇ ತಾಯಿಯ ಮಕ್ಕಳು. ಮರೀಯ ಮೊಮ್ಮಗಳು, ಜಾಂನ ಮೊಮ್ಮಗ: ಮೂರಕ್ಕೆ ಮೂರು. ವಧು ಕಿರಿಯ ರೆನೆಯ ಮೊಮ್ಮಗಳಾಗಿದ್ದರೆ ಮಾತ್ರ ಆ ಅರ್ಧ ಸಾಲಿನ ಲೆಕ್ಕ ಸರಿಹೋಗುತ್ತದೆ. ಗಂಡಸರ ಹೆಸರು ಮಾತ್ರ ಹಿಡಿದು ಮೇಲೆ ಹತ್ತಿದ್ದರಿಂದ ಆಂದ್ರೇ ಗುಯೋಂ ಎಂಬ ಹೆಂಗಸು ನನ್ನ ಕಣ್ಣಿಗೇ ಬೀಳಲಿಲ್ಲ. ನಾನು ಹಂಚಿದ ತಪ್ಪು ವಂಶವೃಕ್ಷವನ್ನು ಯಾರು ಯಾರೋ ಆನ್‌ಲೈನ್‌ನಲ್ಲಿ ನಕಲು ಮಾಡಿಕೊಂಡಿದ್ದಾರೆ. ಎಷ್ಟು ಜನಕ್ಕೆ ಬರೆದರೂ ಎಲ್ಲರೂ ತಿದ್ದುವುದಿಲ್ಲ.

ಹಾಗಾಗಿ ನೀವು ಮದುವೆಯಿಂದ ಮದುವೆಗೆ ಹತ್ತಿ, ಪ್ರತಿ ಮದುವೆಯಲ್ಲೂ ಹೆಂಗಸಿನ ತವರನ್ನು ಬರೆದುಕೊಳ್ಳಿ. ಅಕೇಡಿಯನ್ ದಾಖಲೆಗಳಲ್ಲಿ ಒಂದು ಅನುಕೂಲವಿದೆ, ಮದುವೆಯಾದ ಮೇಲೂ ಹೆಂಗಸರು ತವರಿನ ಹೆಸರಲ್ಲೇ ಇರುತ್ತಾರೆ. 1671ರ ಜನಗಣತಿಯಲ್ಲೂ ಹಾಗೆಯೇ.

ಲೂಯಿಸಿಯಾನದ ಚರ್ಚ್ ದಾಖಲೆಗಳಿಂದ ಶುರು ಮಾಡಿ. ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಹೆಸರುಗಳ ಕಾಗುಣಿತ ಹೇಗೆ ಹೇಗೋ ಬದಲಾಗಿದೆ, ಹುಡುಕುವಾಗ ಉಚ್ಚಾರಣೆ ಹಿಡಿದು ಹೋಗಿ. 1755ರಿಂದ ಬ್ರಿಟಿಷರು ಅಕೇಡಿಯನ್ನರನ್ನು ಹಡಗಿಗೆ ಹತ್ತಿಸಿ ಚೆದುರಿಸಿದರು. ಲೂಯಿಸಿಯಾನಕ್ಕೆ ಬಂದವರಲ್ಲಿ ದೊಡ್ಡ ಗುಂಪುಗಳು ಎರಡು: 1760ರ ದಶಕದಲ್ಲಿ ಹ್ಯಾಲಿಫ್ಯಾಕ್ಸ್, ಮೇರಿಲ್ಯಾಂಡ್ ಕಡೆಯಿಂದ ಬಂದವರು, ಮತ್ತು 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಬಂದ ಸುಮಾರು 1,600 ಜನ. ನಿಮ್ಮವರು ಯಾವ ಗುಂಪು ಎಂದು ಗೊತ್ತಾಗುವವರೆಗೆ ಮೇಲೆ ಹೋಗಬೇಡಿ, ಯಾಕೆಂದರೆ ಮುಂದೆ ಯಾವ ಪಟ್ಟಿ ನೋಡಬೇಕು ಎಂಬುದು ಅದರ ಮೇಲೆ ನಿಂತಿದೆ. ಅವರ ಹತ್ತಿರದ ಬಂಧುಗಳು ಯಾರಾದರೂ ಫ್ರಾನ್ಸಿನ ಬೆಲ್-ಈಲ್ ದ್ವೀಪದಲ್ಲಿ ನೆಲೆಸಿದ್ದರೆ ನಿಮ್ಮ ಅದೃಷ್ಟ. 1767ರಲ್ಲಿ ಅಲ್ಲಿನ ಅಕೇಡಿಯನ್ ಕುಟುಂಬಗಳು ತಮ್ಮ ವಂಶಾವಳಿಯನ್ನು ಅಧಿಕಾರಿಗಳ ಮುಂದೆ ಬಾಯಲ್ಲಿ ಹೇಳಿ ಬರೆಸಿದವು. ಎಲ್ಲವನ್ನೂ ನೆನಪಿನಿಂದ ಹೇಳಿದ್ದು, ಆದ್ದರಿಂದ ಮೇಲಿನ ತಲೆಮಾರುಗಳನ್ನು ಬೇರೆ ದಾಖಲೆಯ ಜೊತೆ ತಾಳೆ ನೋಡಿ.

ನಂತರ ಅಕೇಡಿಯದ ರಿಜಿಸ್ಟರ್‌ಗಳು. ಪೋರ್ಟ್ ರಾಯಲ್‌ನದು 1702ರಿಂದ 1755, ನೋವಾ ಸ್ಕೋಷಿಯಾ ಆರ್ಕೈವ್ಸ್ ಅದನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಗ್ರಾಂ-ಪ್ರೇಯದು 1707ರಿಂದ 1748. ಗಡೀಪಾರಾದ ಜನ ಅದನ್ನು ಜೊತೆಯಲ್ಲೇ ಹೊತ್ತುಕೊಂಡು ಹೋದರು, ಅದೀಗ ನಿಮ್ಮ ಲೂಯಿಸಿಯಾನದಲ್ಲೇ, ಬ್ಯಾಟನ್ ರೂಜ್ ಡಯಾಸಿಸ್‌ನ (ಬಿಷಪ್ಪರ ಆಡಳಿತ ಪ್ರಾಂತ್ಯದ) ದಾಖಲೆ ಸಂಗ್ರಹದಲ್ಲಿದೆ. ಪಿಸಿಗಿಟ್ ಮತ್ತು ಕೋಬೆಕಿಡ್‌ನ ರಿಜಿಸ್ಟರ್‌ಗಳು ಉಳಿದಿಲ್ಲ. ನಿಮ್ಮವರು ಅಲ್ಲಿನವರಾದರೆ ಅಕ್ಕಪಕ್ಕದ ಊರಿನ ಮದುವೆಗಳ ವಿನಾಯಿತಿ ಸಾಲುಗಳೇ ಆಧಾರ.

ಇದಾದ ಮೇಲೆ ಸ್ಟೀಫನ್ ವೈಟ್ ಅವರ ಅಕೇಡಿಯನ್ ಕುಟುಂಬಗಳ ವಂಶಾವಳಿ ಕೋಶ ತೆರೆಯಿರಿ: ಎರಡು ಸಂಪುಟ, 1999ರಲ್ಲಿ ಮಾಂಕ್ಟನ್ ವಿಶ್ವವಿದ್ಯಾಲಯದ ಅಕೇಡಿಯನ್ ಅಧ್ಯಯನ ಕೇಂದ್ರ ಹೊರತಂದದ್ದು, 1636ರಿಂದ 1714ರವರೆಗಿನ ಕುಟುಂಬಗಳು ಅದರಲ್ಲಿವೆ. ಇಬ್ಬರು ರೆನೆಯರು ಬೇರೆ ಬೇರೆ ಎಂದು ನಾನು ಕಂಡದ್ದು ಅಲ್ಲೇ. ಫ್ರೆಂಚ್ ಬರದಿದ್ದರೂ ತೊಂದರೆಯಿಲ್ಲ, ಸಂಕ್ಷೇಪಾಕ್ಷರಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡರೆ ಒಂದು ವಾರದಲ್ಲಿ ಓದಲು ಬರುತ್ತದೆ.

ಜನಗಣತಿಯ ವಯಸ್ಸುಗಳನ್ನು ಮಾತ್ರ ಗಟ್ಟಿಯಾಗಿ ನಂಬಬೇಡಿ. 1671ರಲ್ಲಿ ಪಾದ್ರಿ ಲೋರಾಂ ಮೊಲ್ಯಾಂ ಮನೆ ಮನೆ ತಿರುಗಿ ಬರೆದರು. ಪೀಪಾಯಿ ಮಾಡುವ ಪಿಯೆರ್ ಲಾನೂ ತಾನು ಚೆನ್ನಾಗಿದ್ದೇನೆ, ವಯಸ್ಸು ಹೇಳಲಾರೆ ಎಂದು ಹೇಳಿಕಳಿಸಿದ. ಎಟಿಯೆನ್ ರೋಬಿಶೋ ಪಾದ್ರಿಯನ್ನು ನೋಡಲೂ ಒಪ್ಪದೆ ಮನೆಯಿಂದ ಹೊರಗೆ ಹೋದ. ಹೇಳಿದವರ ವಯಸ್ಸೂ ಮುಂದಿನ ಗಣತಿಗಳಲ್ಲಿ ಹಿಂದೆಮುಂದೆ ಆಗುತ್ತದೆ. ಅಡ್ಡಹೆಸರುಗಳೂ ಹಾಗೆಯೇ ದಾರಿ ತಪ್ಪಿಸುತ್ತವೆ: ‘ಲಾ ವೆರ್ದ್ಯೂರ್’ ಎಂಬುದು ಮೆಲಾಂಸೋಂ ಮನೆತನಕ್ಕೂ ಇದೆ, ಜೆರ್ಮ್ಯಾಂ ದೂಸೆಗೂ ಇದೆ.

ಫ್ರಾನ್ಸಿನ ಊರಿನ ವಿಷಯ. ಗಿಯೋಮ್ ತ್ರಾಹಾಂ 1627ರಲ್ಲಿ ಶಿನೋಂನಲ್ಲಿ ಮದುವೆಯಾಗಿ 1636ರಲ್ಲಿ ಸ್ಯಾಂ-ಜೆಹಾಂ ಹಡಗಿನಲ್ಲಿ ಅಕೇಡಿಯಕ್ಕೆ ಬಂದ ಎಂಬಂಥ ಪುರಾವೆ ಕೆಲವೇ ಮನೆತನಗಳಿಗೆ ಇದೆ. ಹೆಚ್ಚಿನವರಿಗೆ ಇಲ್ಲ. ಯಾವ ವೆಬ್‌ಸೈಟ್ ಊರಿನ ಹೆಸರು ಕೊಟ್ಟರೂ ಮೂಲ ದಾಖಲೆ ಯಾವುದೆಂದು ಕೇಳಿ, ತೋರಿಸದಿದ್ದರೆ ಬರೆದುಕೊಳ್ಳಬೇಡಿ.

ಇನ್ನು ನಿಮ್ಮ ಕಿಟ್. ಅಕೇಡಿಯನ್ನರು ಕೆಲವೇ ಕುಟುಂಬಗಳೊಳಗೆ ತಲೆಮಾರುಗಟ್ಟಲೆ ಕೊಟ್ಟು ತಂದವರು. ಸಾಮಾನ್ಯ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾವಿರಾರು ನೆಂಟರು ಸಿಗುತ್ತಾರೆ, ಹತ್ತು ಕಡೆಯಿಂದ ಬಂದ ದೂರದ ನಂಟುಗಳು ಒಟ್ಟುಗೂಡಿ ಒಂದು ಹತ್ತಿರದ ನಂಟಿನಂತೆ ತೋರುತ್ತವೆ. ಇಬ್ಬರು ರೆನೆಯರ ನಡುವೆ ಯಾರು ನಿಮ್ಮವರು ಎಂದು ಅದು ಹೇಳಲಾರದು. ನಿರ್ದಿಷ್ಟ ಪ್ರಶ್ನೆ ಇದ್ದಾಗ ತಂದೆಯ ಕಡೆಯ, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಇಳಿದು ಬರುವ ವೈ-ಡಿಎನ್‌ಎ ಉಪಯೋಗಕ್ಕೆ ಬರುತ್ತದೆ. 1641ರ ಸುಮಾರಿಗೆ ಹುಟ್ಟಿದ ಜೆರ್ಮ್ಯಾಂ ದೂಸೆಯ ವಂಶದ ಗಂಡಸರಲ್ಲಿ ಅಮೆರಿಕದ ಮೂಲನಿವಾಸಿಗಳ ಗುರುತು ಸಿಕ್ಕಿತು, ಅದೇ ಹೆಸರಿನ ಫ್ರೆಂಚ್ ಸೇನಾಧಿಕಾರಿ ಅವನ ಹೆತ್ತ ತಂದೆಯಲ್ಲ ಎಂಬುದು ಅದರಿಂದ ಗೊತ್ತಾಯಿತು. ಅಂಥ ಪ್ರಶ್ನೆ ನಿಮ್ಮ ಮುಂದೆ ಬಂದ ದಿನ ಕಿಟ್ ತರಿಸಿ. ಈ ವಾರ ನಿಮ್ಮ ಗಂಡನ ಅಜ್ಜಿ ತಾತನ ಮದುವೆ ಯಾವ ಚರ್ಚಿನಲ್ಲಾಯಿತು, ಅಜ್ಜಿಯ ತವರಿನ ಹೆಸರೇನು ಎಂದು ಅತ್ತೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.