ಚೆನ್ನಾಗಿಲ್ಲ ಅಂತ ಹೇಳಬಾರದಾ?

ಪ್ರಶ್ನೆ: ಮೇಡಂ, ಈಚೆಗೆ ಬಂದ ಒಂದು ಗೇ ಪ್ರೇಮ ಕಾದಂಬರಿ ತರಿಸಿ ಓದಿದೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ (ಕಾಫಿ ತೋಟದ ಲೆಕ್ಕ-ಹಾಜರಿ ಬರೆಯುವವ), ಇವರಿಬ್ಬರ ಕಥೆ. ನಾನೂ ಗೇ, ತುಂಬಾ ಆಸೆಯಿಂದ ಕೂತೆ. ಅರ್ಧಕ್ಕೇ ಬೇಜಾರಾಯಿತು. ಆದರೆ ನಮ್ಮ ಬಗ್ಗೆ ಬರೆಯುವವರೇ ಕಡಿಮೆ, ಅದನ್ನೂ ನಾವೇ ಬೈದರೆ ಹೇಗೆ ಅಂತಾನೆ ಗೆಳೆಯ. ನೀವು ಓದಿದ್ದೀರಾ?
– ಓದುಗ, ಹಾಸನ

ಉತ್ತರ: ಓದಿದೆ, ಕೊನೆಯ ಪುಟದವರೆಗೂ. ಬೈಯೋಕಾದರೂ ಪೂರ್ತಿ ಓದಬೇಕಲ್ವಾ. ಗಂಡು-ಹೆಣ್ಣಿನ ಸಪ್ಪೆ ಪ್ರೇಮಕಥೆಯನ್ನು ಮುಲಾಜಿಲ್ಲದೆ ಮೂಲೆಗೆ ಎಸೆಯುವ ನಾವು ಇದಕ್ಕೆ ಮಾತ್ರ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಬೇಕಾ?

ನನಗೆ ಮೊದಲು ಕಿರಿಕಿರಿಯಾದದ್ದು ತೋಟ. ದೀಪಾವಳಿ ರಜೆಯಲ್ಲಿ ಇಬ್ಬರೂ ಅರಳಿದ ಕಾಫಿ ಹೂಗಳ ನಡುವೆ ಮೊದಲ ಸಲ ಕೈ ಹಿಡಿಯುತ್ತಾರೆ. ಅಯ್ಯೋ, ಅದು ಅರೇಬಿಕಾ ಹಣ್ಣಾಗುವ ಕಾಲ! ಹೂ ಅರಳೋದು ಬೇಸಿಗೆಯಲ್ಲಿ, ಹೂಮಳೆ, ಅಂದರೆ ಬೇಸಿಗೆಯ ಮೊದಲ ಮಳೆ, ಬಿದ್ದು ವಾರ-ಹತ್ತು ದಿನಕ್ಕೆ. ಹೋಗಲಿ ಬಿಡಿ ಅನ್ನಬಹುದಿತ್ತು, ಆದರೆ ಆ ರೈಟರ್ ಇದ್ದಾನಲ್ಲ, ಅವನು ಇಡೀ ಪುಸ್ತಕದಲ್ಲಿ ಒಂದು ಸಲವೂ ಆಳುಗಳ ಹಾಜರಿ ಹಾಕುವುದಿಲ್ಲ, ಕೊಯ್ದ ಹಣ್ಣು ತೂಗುವುದಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಂಜು ನೋಡುತ್ತಾ ನಿಂತಿರುತ್ತಾನೆ. ಅವನಿಗೆ ಸಂಬಳ ಯಾರು ಕೊಡುತ್ತಾರೋ! ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಪಕ್ಕದಲ್ಲೇ ಅವನ ವಾಸ. ರಾತ್ರಿ ಯಾರ ಬೈಕ್ ಬಂತು, ಎಷ್ಟು ಹೊತ್ತಿಗೆ ಹೋಯಿತು ಅಂತ ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಗುವ ಜಾಗ ಅದು. ಕದ್ದು ಪ್ರೀತಿಸುವವರ ಭಯ, ತಮಾಷೆ ಎರಡೂ ಅಲ್ಲೇ ಸಿಗುತ್ತಿತ್ತು. ಲೇಖಕರು ಅತ್ತ ತಲೆ ಹಾಕಲೇ ಇಲ್ಲ.

ಇನ್ನು ಪ್ರೇಮಕ್ಕೆ ಅಡ್ಡಿ ಏನಪ್ಪಾ ಅಂದರೆ, ಮೊಬೈಲ್‌ನಲ್ಲಿ ಯಾರದೋ ಮೆಸೇಜ್ ನೋಡಿ ರೈಟರ್ ಮುನಿಸಿಕೊಂಡು ಎಂಬತ್ತು ಪುಟ ಮಾತು ಬಿಡುತ್ತಾನೆ. ಕಳಿಸಿದ್ದು ಹುಡುಗನ ಅಣ್ಣ! ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ನಿಜವಾದ ಅಡ್ಡಿಗಳಿಗೆ ಬರವಾ? 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ ತೆಗೆಯಿತು, 2023ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ ಸ್ಪಷ್ಟಪಡಿಸಿತು. ಸುಮ್ನೆ ಯೋಚಿಸಿ: ಇಬ್ಬರೂ ಊರಿನ ಬ್ಯಾಂಕಿಗೆ ಹೋಗಿ ಆ ಫಾರಂ ಕೇಳುತ್ತಾರೆ, ಕೌಂಟರಿನಲ್ಲಿ ಕೂತಿರೋದು ರೈಟರ್‌ನ ಸೋದರತ್ತೆ ಮಗಳು, ನಾಮಿನಿ ಜೊತೆಗಿನ ಸಂಬಂಧ ಏನು ಅಂತ ಅವಳೇ ಬಾಯಿಬಿಟ್ಟು ಕೇಳುತ್ತಾಳೆ. ಒಂದು ಅಧ್ಯಾಯಕ್ಕೆ ಇಷ್ಟು ಸಾಕಿತ್ತು.

ನಿಮ್ಮ ಗೆಳೆಯರಿಗೆ ಹೇಳಿ, ಕಾಸು ಕೊಟ್ಟು ಕೊಂಡವರಿಗೆ ಬೈಯುವ ಹಕ್ಕು ಇದ್ದೇ ಇದೆ.

ಪ್ರಶ್ನೆ: ಅದೇ ಕಾದಂಬರಿ. ಸುಖಾಂತ್ಯ ಇಟ್ಟಿದ್ದೇ ತಪ್ಪು ಅಂತ ನಮ್ಮ ಓದುಗರ ಬಳಗದಲ್ಲಿ ವಾದ. ನೀವೇನಂತೀರಿ?
– ಓದುಗಿ, ಚಿಕ್ಕಮಗಳೂರು

ಉತ್ತರ: ಅದೊಂದನ್ನು ಬೈಯಬೇಡಿ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1913-14ರಲ್ಲೇ ಇಬ್ಬರು ಗಂಡಸರು ಕೊನೆಗೆ ಒಂದಾಗುವ 'ಮಾರಿಸ್' ಬರೆದಿಟ್ಟರು, ಬದುಕಿರುವವರೆಗೆ ಅಚ್ಚಿಗೆ ಕೊಡಲಿಲ್ಲ. ಪುಸ್ತಕ ಬಂದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಹಾಗಾಗಿ ಸುಖಾಂತ್ಯ ಇರಲಿ, ಜಾಸ್ತಿಯೇ ಇರಲಿ. ನನ್ನ ತಕರಾರು ಬೇರೆ. ಮದುವೆಗೆ ಹೆಣ್ಣು ನೋಡಿಟ್ಟಿದ್ದ ತಾಯಿ ಎರಡೇ ಪುಟದಲ್ಲಿ, ಅಕ್ಕಿ ರೊಟ್ಟಿ ತಟ್ಟುತ್ತಲೇ, 'ನಿಮ್ಮಿಷ್ಟ ಕಣೋ' ಅಂದುಬಿಡುತ್ತಾಳೆ. ಆ ಹೆಣ್ಣಿನ ಮನೆಗೆ ಏನು ಹೇಳಿ ಕಳಿಸಿದರು? ಅದನ್ನು ಬರೆದಿದ್ದರೆ ನಾನು ಕಾಫಿ ಹೂವನ್ನೂ ಕ್ಷಮಿಸುತ್ತಿದ್ದೆ.

ಬಳಗದಲ್ಲಿ ಇನ್ನೊಂದು ಪುಸ್ತಕ ಓದುವುದಾದರೆ ವಸುಧೇಂದ್ರ ಅವರ 'ಮೋಹನಸ್ವಾಮಿ' ಎತ್ತಿಕೊಳ್ಳಿ. 2013ರ ಕಥಾಸಂಕಲನ, ಗಟ್ಟಿ ಬರಹ. ಅಲ್ಲಿ ಪ್ರೀತಿಸುವವರಿಗೆ ನೌಕರಿಯೂ ಇದೆ, ನೆಂಟರೂ ಇದ್ದಾರೆ.