ಹಳೆಯ ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಯಲು ಕಲಿಯಬಹುದೇ?

ಬಿಸಿಲಿಗೆ ಮಾಸಿದ ಹಳೆಯ ಬಿಳಿ ಕಾರಿಗೆ ಬೆಂಗಳೂರಿನ ಮನೆಯಲ್ಲೇ ಬಣ್ಣ ಹೊಡೆಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಾನು ಕಲಿತದ್ದು ವಿಜಯನಗರದ ನಮ್ಮ ಮನೆಯ ಶೆಡ್ಡಿನಲ್ಲಿ. ಆದರೆ ಕಾರನ್ನು ಈಗಲೇ ಮುಟ್ಟಬೇಡಿ. ಗುಜರಿಯಿಂದ ಹಳೆಯ ಬಾನೆಟ್ ಒಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಸ್ಪ್ರೇ ಗನ್ ಕೈಗೆ ಬರುವುದು ಕೆಲಸದ ಕೊನೆಯಲ್ಲಿ. ಅದಕ್ಕೆ ಮೊದಲು ದಿನಗಟ್ಟಲೆ ಉಜ್ಜುವುದಿದೆ. ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪ, ಅಂದರೆ ಪ್ರೈಮರ್, ಒಣಗಿದ ಮೇಲೆ ತಗ್ಗು ಉಬ್ಬು ಪತ್ತೆಮಾಡಲೆಂದು ಕಪ್ಪು ಬಣ್ಣವನ್ನು ದೂರದಿಂದ ತೆಳ್ಳಗೆ ಸಿಂಪಡಿಸಿ. ಮರದ ತುಂಡಿಗೆ 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಸುತ್ತಿ, ನೀರು ಹಾಕುತ್ತ ಉಜ್ಜಿ. ಉಬ್ಬಿನ ಮೇಲಿನ ಕಪ್ಪು ಬೇಗ ಅಳಿಯುತ್ತದೆ, ತಗ್ಗಿನದು ಹಾಗೇ ನಿಲ್ಲುತ್ತದೆ. ನನ್ನ ಬಾನೆಟ್ಟಿನಲ್ಲಿ ನಾಣ್ಯದಷ್ಟು ಅಗಲದ ಕಪ್ಪು ಉಳಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ತೆಳು ಬಟ್ಟೆ ಹಾಸಿ ಅಂಗೈ ಸವರಿದಾಗ ತಗ್ಗು ತಿಳಿಯಿತು. ಮತ್ತೆ ತಗ್ಗು ತುಂಬಲು ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಉಜ್ಜುವುದು. ಹಾಗೇ ಬಿಟ್ಟಿದ್ದರೆ ಹೊಳಪು ಬಂದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಅಲ್ಲಿ ಸೊಟ್ಟಗೆ ಕಾಣುತ್ತಿತ್ತು.

ಬಣ್ಣಕ್ಕೆ, ಕಾರಿನ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಯ ಕಡೆ ಹೋಗಿ. ಬಣ್ಣದ ಕೋಡ್ ಕಾರಿನ ಮೇಲಿನ ಫಲಕದಲ್ಲಿರುತ್ತದೆ, ಆದರೆ ನಿಮ್ಮ ಬಿಳಿ ಈಗ ಆ ಬಿಳಿಯಾಗಿ ಉಳಿದಿರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳವನ್ನು ಬಿಚ್ಚಿಕೊಂಡು ಹೋಗಿ, ಅದಕ್ಕೆ ಹೊಂದಿಸಿ ಕಲಸಿಸಿಕೊಳ್ಳಿ. ಬೇರೆಯದೇ ಬಣ್ಣ ಹೊಡೆಯುವುದಾದರೆ ಆರ್‌ಟಿಒದಲ್ಲಿ ನೋಂದಣಿ ಪತ್ರವನ್ನೂ ತಿದ್ದಿಸಬೇಕು.

ಹೊಡೆಯುವಾಗ ಗನ್ ಒಂದು ಗೇಣಿಗಿಂತ ತುಸು ಹತ್ತಿರವಿರಲಿ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧದ ಮೇಲೆ ಹಾಯಲಿ. ಎರಡು ಕೋಟ್‌ಗಳ ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಅವಸರಪಟ್ಟರೆ ಬಣ್ಣ ಸೋರಿ ಕೆಳಗೆ ಇಳಿಯುತ್ತದೆ. ಮಳೆಯ ದಿನ ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಪಾರದರ್ಶಕ ಲೇಪವೇ ಕ್ಲಿಯರ್ ಕೋಟ್. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡ ಬೇಕು. ಅದು ಸಿಗದಿದ್ದರೆ ಉಜ್ಜುವುದು, ಪುಟ್ಟಿ, ಪ್ರೈಮರ್ ನೀವು ಮಾಡಿ, ಕ್ಲಿಯರ್ ಕೋಟನ್ನು ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಗ್ಯಾರೇಜಿನಲ್ಲಿ ಹೊಡೆಸಿ. ಪ್ರೈಮರ್‌ನಲ್ಲಿಯೂ ಹಾರ್ಡನರ್ ಇದ್ದರೆ ಅದಕ್ಕೂ ಇದೇ ಮಾತು. ಥಿನ್ನರ್ ಆವಿ ಇರುವಲ್ಲಿ ದೇವರ ದೀಪವೂ ಉರಿಯಬಾರದು.

ನಮ್ಮ ಶೆಡ್ಡಿನ ಪಕ್ಕದಲ್ಲಿ ಹೊಂಗೆ ಮರವಿದೆ. ಏಪ್ರಿಲ್‌ನಲ್ಲಿ ಹಸಿ ಬಣ್ಣದ ಮೇಲೆ ಹೂವೊಂದು ಬಿದ್ದಿತು. ತೆಗೆಯಲು ಕೈ ಚಾಚಿದೆ, ತಡೆದುಕೊಂಡೆ. ಪೂರ್ತಿ ಗಟ್ಟಿಯಾದ ಮೇಲೆ ತೀರಾ ನುಣುಪಾದ 2000ರ ಪೇಪರ್‌ನಲ್ಲಿ ನಯವಾಗಿ ಉಜ್ಜಿ, ಹೊಳಪು ತರುವ ಕಾಂಪೌಂಡ್ ಹಚ್ಚಿದೆ. ಈಗ ಆ ಜಾಗ ಯಾವುದೆಂದು ನನಗೂ ತೋರಿಸಲಾಗದು.